ಸಾಕು ಅನ್ನದ ಊರಿಗೆ ಸಾಕಮ್ಮ ಬಂದಿದ್ದು

ತುಂಬಾ ಹಿಂದೆ, ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ಏರಿ ಮೇಲಿನ ಆ ಮುದಿ ಹುಣಸೆಮರ ಇನ್ನೂ ಮೊಣಕಾಲುದ್ದ ಇದ್ದ ಕಾಲ, ಹೊನ್ನೇಗಟ್ಟ ಅಂತ ಒಂದೂರು ಇತ್ತಂತೆ. ಊರಿನ ಮೇಲುಗಡೆಗೆ ಒಂದು ದೊಡ್ಡ ಕೆರೆ. ಕೆರೆಗೆ ಒಂದೇ ತೂಬು. ತೂಬಿನಿಂದ ಹೊರಗೆ ಬಿದ್ದ ನೀರು ಹತ್ತು ಮಾರು ಹೋಗೋದರೊಳಗೆ ಎರಡು ಕಾಲುವೆಯಾಗಿ ಒಡೀತಿತ್ತು. ಎಡಗಡೇದು ಹೊನ್ನೇಗಟ್ಟದ ಗದ್ದೆಗೆ, ಬಲಗಡೇದು ಕೆಳಗಿನ ಕಡೇಪಾಳ್ಯದ ಗದ್ದೆಗೆ. ಒಡೆಯೋ ಜಾಗದಲ್ಲಿ ಒಂದು ಹಲಗೆ. ಬಲಗಡೆ ಕಾಲುವೆಗೆ ಹಲಗೆ ಅಡ್ಡ ಇಟ್ಟರೆ ನೀರು ಎಡಕ್ಕೆ ಹೋಗ್ತದೆ, ಎಡಗಡೆಗೆ ಅಡ್ಡ ಇಟ್ಟರೆ ಬಲಕ್ಕೆ. ಅರ್ಥ ಆಯ್ತಾ? ಆಗದೇ ಇದ್ದರೆ ನಾಳೆ ಬೆಳಿಗ್ಗೆ ಬನ್ನಿ, ಮಣ್ಣು ಕೆದಕಿ ತೋರಿಸ್ತೀನಿ. ಈಗ ಬಾಯಿ ಮುಚ್ಕೊಂಡು ಕೇಳಿ.

ಆ ಹಲಗೆ ಕಾಯೋನು ನೀರುಗಂಟಿ ಗವಿರಂಗಯ್ಯ. ಎರಡೂ ಊರಿಗೂ ಸೇರದವನು, ಏರಿ ಮೇಲೇ ಅವನ ಗುಡಿಸಲು. ಸುಗ್ಗೀಲಿ ಎರಡೂ ಊರಿನವರು ಅವನಿಗೆ ಒಂದೊಂದು ಹೊರೆ ಕೊಡ್ತಿದ್ದರು. ಅವನಿಗೆ ಎಡಗಿವಿ ಪೂರಾ ಕಿವುಡಂತೆ. ಬಲಗಿವಿ ಮಾತ್ರ ಕೆರೆ ಆಚೆ ದಡದಲ್ಲಿ ಕಪ್ಪೆ ಆಕಳಿಸಿದರೂ ಕೇಳ್ತಿತ್ತಂತೆ. ಹಂಗಂತ ಹೇಳ್ತಾರೆ.

ನೀರಿಗೊಂದು ಕಟ್ಟಳೆ ಇತ್ತು. ಎರಡೂ ಊರಿನ ಹಿರೀಕರು ಹಲಗೆ ಪಕ್ಕದ ಗಂಗಮ್ಮನ ಕಲ್ಲಿನ ಮುಂದೆ ಕೂತು, ನೀರು ಮುಟ್ಟಿ ಆಣೆ ಮಾಡಿ ಕಟ್ಟಿದ್ದು. ಮೊದಲು ನೀರು ಹೊನ್ನೇಗಟ್ಟಕ್ಕೆ. ಗದ್ದೆ ತುಂಬಿದ ಮೇಲೆ ಗದ್ದೆ ಇದ್ದೋರು ಯಾರಾದರೂ ಒಬ್ಬರು ಏರಿ ಕಡೆ ತಿರುಗಿ "ಸಾಕು" ಅಂತ ಕೂಗಬೇಕು. ಆ ಮಾತು ನೀರುಗಂಟಿ ಕಿವಿಗೆ ಬಿದ್ದ ಗಳಿಗೇಲೇ ಹಲಗೆ ಈ ಕಡೆಯಿಂದ ಆ ಕಡೆಗೆ. ಆಮೇಲೆ ಎಂಟು ದಿನ ನೀರು ಕಡೇಪಾಳ್ಯದ್ದು. ಆ ಎಂಟು ದಿನ ಯಾರೇ ಬಂದು ಕಾಲಿಗೆ ಬಿದ್ದರೂ ಹಲಗೆ ಮುಟ್ಟೋ ಹಾಗಿಲ್ಲ. ನೀರುಗಂಟಿ ಕಣ್ಣಲ್ಲಿ ನೋಡಿ ನೀರು ತಿರುಗಿಸೋ ಹಾಗೂ ಇಲ್ಲ, ಕಿವೀಲಿ ಕೇಳಿಯೇ ತಿರುಗಿಸಬೇಕು. ನೋಡೋನ ಕಣ್ಣು ಒಂದು ಕಡೆಗೆ ವಾಲೀತು ಅಂತ ಹಿರೀಕರಿಗೆ ಅನುಮಾನ.

ಒಳ್ಳೇ ಕಟ್ಟಳೇನೇ. ಆದರೆ ಹೊನ್ನೇಗಟ್ಟದವರು ಎಂಥೋರು ಅಂತೀರಿ! ಒಂದು ವರ್ಷ ಎಲ್ಲರ ಗದ್ದೇನೂ ತುಂಬಿತು. ಸಾಕು ಅಂತ ನೀನು ಕೂಗು, ನೀನೇ ಕೂಗು ಅಂತ ಒಬ್ಬರ ಮುಖ ಒಬ್ಬರು ನೋಡಿದರು. ನಾಳೆ ಬಿಸಿಲು ಜಾಸ್ತಿಯಾದರೆ ನಿನ್ನಿಂದ ನೀರು ಹೋಯ್ತು ಅಂತ ಬೈಸಿಕೊಳ್ಳೋದು ಯಾರಿಗೆ ಬೇಕು? ಯಾರೂ ಕೂಗಲಿಲ್ಲ. ಮಾರನೇ ವರ್ಷವೂ ಕೂಗಲಿಲ್ಲ. ಆಮೇಲೆ ಭಯ ಹುಟ್ಟಿಕೊಂಡಿತು. ಗವಿರಂಗಯ್ಯನ ಬಲಗಿವಿ ನೋಡಿ, ಯಾರಾದರೂ ಮನೇಲಿ ಆಡಿದ ಮಾತೂ ಅವನಿಗೆ ಕೇಳಿಸಿಬಿಟ್ಟರೆ? ಅದಕ್ಕೇ ಊರಿಗೆ ಊರೇ ಆ ಮಾತನ್ನ ಬಾಯಿಂದ ಕಿತ್ತು ಎಸೆದುಬಿಟ್ಟಿತಂತೆ.

ಉಣ್ಣೋವಾಗ ಎಲೆಗೆ ಬಡಿಸ್ತಾ ಇದ್ದರೆ ಕೈ ಅಡ್ಡ ಹಿಡೀತಿದ್ದರು, ಇಲ್ಲ ಎಲೆ ಮೇಲೆ ಬಗ್ಗಿ ಮಲಗ್ತಿದ್ದರು, ಆ ಮಾತು ಮಾತ್ರ ಇಲ್ಲ. ಹಸು ಸಾಕಿದ್ದೀನಿ ಅಂತಲೂ ಇಲ್ಲ, ಹಸು ಕಟ್ಟಿದ್ದೀನಿ ಅನ್ನಬೇಕು. ಹೆಂಡತಿ ಬೈತಾ ಇದ್ದರೆ ಗಂಡ ಸಾಕು ಮಾಡೇ ಅನ್ನೋ ಹಾಗಿಲ್ಲ, ಕೊನೇವರೆಗೂ ಕೇಳಬೇಕು. ಅದೊಂದು ವಿಷಯದಲ್ಲಿ ಹೆಂಗಸರಿಗೆ ಆ ಕಾಲ ಭಾಳ ಚೆನ್ನಾಗಿತ್ತಂತೆ. ನಗ್ತೀರಾ? ಬೇರೆ ಊರಿನ ನೆಂಟ ಒಬ್ಬ ಪಾಯಸಕ್ಕೆ "ಸಾ..." ಅಂತ ಬಾಯಿ ತೆಗೆದನಂತೆ, ಮನೆ ಯಜಮಾನ ಹಾರಿ ಬಂದು ಅವನ ಬಾಯಿಗೆ ಹೋಳಿಗೆ ತುರುಕಿದನಂತೆ. ಪಾಪ, ಆ ನೆಂಟ ಮೂರು ದಿನ ಏಳಲಿಲ್ಲ.

ಹೀಗೆ ಮೂರು ವರ್ಷ ಆಯ್ತು. ಹೊನ್ನೇಗಟ್ಟದ ಗದ್ದೇಲಿ ನೀರೋ ನೀರು. ಕಡೇಪಾಳ್ಯದ ಕಾಲುವೇಲಿ ಓತಿಕ್ಯಾತ ಓಡಾಡ್ತಿತ್ತು. ಅಲ್ಲಿನವರು ಮಳೇಲಿ ಬಂದಷ್ಟು ರಾಗಿ ಹುರುಳಿ ಬೆಳ್ಕೊಂಡು, ಸುಗ್ಗೀಲಿ ನೀರುಗಂಟಿಗೆ ಅವನ ಹೊರೆಯನ್ನ ಮಾತ್ರ ತಪ್ಪದೆ ತಂದು ಹಾಕ್ತಿದ್ದರಂತೆ. ಗವಿರಂಗಯ್ಯ ಆ ಹೊರೆ ನೋಡಿ ಕಣ್ಣಲ್ಲಿ ನೀರು ಹಾಕ್ತಿದ್ದ. ಏನು ಮಾಡ್ತಾನೆ, ಆಣೆ ಮಾಡಿದ ಕಟ್ಟಳೆ. ಕಿವಿ ನಿಮಿರಿಸ್ಕೊಂಡು ಕೂತಿರ್ತಿದ್ದ.

ಆ ಕಡೇಪಾಳ್ಯದಲ್ಲಿ ಸಾಕಮ್ಮ ಇದ್ದಳು. ಕಾಳಪ್ಪನ ಐದನೇ ಮಗಳು. ನಾಲ್ಕು ಹೆಣ್ಣಾದ ಮೇಲೆ ಐದನೇದೂ ಹೆಣ್ಣೇ ಆದಾಗ ಕಾಳಪ್ಪ ಗಂಗಮ್ಮನಿಗೆ ಕೈ ಮುಗಿದು, ಇನ್ನು ಸಾಕಮ್ಮಾ ಅಂದನಂತೆ. ಅದೇ ಹೆಸರಾಯ್ತು. ಚಿಕ್ಕೋಳಿದ್ದಾಗ ಮಕ್ಕಳೆಲ್ಲ ಬೇಡಾದೋಳು ಬೇಡಾದೋಳು ಅಂತ ಅಣಕಿಸೋರು. ಅಳ್ತಾ ಬಂದವಳನ್ನ ಅವಳಜ್ಜಿ ತೊಡೆ ಮೇಲೆ ಕೂರಿಸ್ಕೊಂಡು ಹೇಳಿದಳಂತೆ, ಸಾಕು ಅಂದ್ರೆ ಬೇಡ ಅಂತಲ್ಲ ಕಣೇ ಕೂಸೇ, ತುಂಬಿತು ಅಂತ. ನೀನು ಬಂದ ಮೇಲೆ ನಮ್ಮನೆ ತುಂಬಿತು. ಅವತ್ತಿಂದ ಸಾಕಮ್ಮನಿಗೆ ತನ್ನ ಹೆಸರು ಅಂದ್ರೆ ಪ್ರಾಣ. ಯಾರಾದರೂ ಕರೆದರೆ ಸಾಕು, ಎಲ್ಲಿದ್ದರೂ "ಬಂದೇ!" ಅಂತ ಓಗೊಟ್ಟು ಓಡಿಬರೋಳು. ಆ ಬಂದೇ ಅನ್ನೋ ದನಿ ಊರಿಗೆಲ್ಲ ಗುರುತು.

ಅವಳನ್ನ ಹೊನ್ನೇಗಟ್ಟದ ಬೋರಣ್ಣ ಮೆಚ್ಚಿದ. ಹೆಣ್ಣು ನೋಡೋಕೆ ಬಂದಾಗ ಹೆಸರು ಕೇಳಲಿಲ್ವಾ ಅಂತೀರಾ? ಕೇಳಿದರು. ಕಾಳಪ್ಪನಿಗೆ ಆ ಊರಿನ ರೋಗ ಗೊತ್ತಿತ್ತಲ್ಲ, ಪುಟ್ಟಿ ಅಂತೀವಿ ಅಂದುಬಿಟ್ಟ. ಮದುವೆ ಕಡೇಪಾಳ್ಯದಲ್ಲಿ ಆಯ್ತು. ಬೋರಣ್ಣ ತಾಳಿ ಕಟ್ಟಿ ಮೂರನೇ ಗಂಟು ಬಿಗೀತಾ ಇದ್ದಾನೆ, ಅಜ್ಜಿ ಹಿಂದಿನಿಂದ, "ಸಾಕಮ್ಮಾ, ತಲೆ ಬಗ್ಗಿಸೇ!" ಅಂದಳು. ಗಂಡಿನ ಕಡೆಯವರೆಲ್ಲ ಹಾವು ತುಳಿದವರ ಹಾಗೆ ಎದ್ದು ನಿಂತರಂತೆ. ಏನು ಮಾಡೋದು, ಗಂಟು ಬಿದ್ದಾಗಿತ್ತು.

ಬೋರಣ್ಣನ ತಾಯಿ ಕೆಂಚಮ್ಮ. ಗಂಡ ಇಲ್ಲ, ಮನೆ ಗದ್ದೆ ಎಲ್ಲ ಅವಳದೇ ಯಜಮಾನಿಕೆ. ಗಂಟಲು ಅಂದ್ರೆ ಗಂಟಲು, ಅವಳು ಹಿತ್ತಲಲ್ಲಿ ಕೋಳಿ ಓಡಿಸಿದರೆ ಪಕ್ಕದೂರಿನ ಕೋಳಿಗಳೂ ಗೂಡು ಸೇರ್ತಿದ್ದವಂತೆ. ಹೊಸ ಸೊಸೆ ಹೊಸಿಲ ಮೇಲಿನ ಅಕ್ಕಿ ಸೇರು ಒದೆಯೋ ಮೊದಲೇ ಕೆಂಚಮ್ಮ ಎಲ್ಲರ ಎದುರಿಗೆ ಹೇಳಿದಳು, ಇವತ್ತಿಂದ ಇವಳ ಹೆಸರು ತುಂಬಮ್ಮ. ಊರಿನ ಯಜಮಾನ ಮುದ್ದೇಗೌಡ ಹಿಗ್ಗಿಹೋದ. ದಿನಾ ತುಂಬು ತುಂಬು ಅಂತ ಕರೆದರೆ ಗಂಗಮ್ಮನಿಗೂ ಕೇಳಿಸ್ತದೆ, ಭೇಷ್ ಕೆಂಚಕ್ಕ, ಅಂದ.

ಸಾಕಮ್ಮ ಒಳಗೆ ಬಂದಳು. ಕೆಲಸದಲ್ಲಿ ಚುರುಕು, ಮಾತಲ್ಲಿ ಮೆತ್ತಗೆ. ಗಂಡ ಒಳ್ಳೆಯವನು. ಅತ್ತೆಯೂ ಕೆಟ್ಟವಳಲ್ಲ, ಸೊಸೆ ತಲೆಗೆ ತಾನೇ ಎಣ್ಣೆ ಹಚ್ಚೋಳು. ಆದರೆ ತುಂಬಮ್ಮಾ ಅಂತ ಕರೆದರೆ ಅವಳಿಗೆ ಕೇಳಿಸ್ತಾನೇ ಇರಲಿಲ್ಲ. ಹಟಕ್ಕಲ್ಲ ಕಣ್ರೋ. ಕಿವಿ ಅದನ್ನ ತನ್ನದು ಅಂತ ಒಪ್ಪಲಿಲ್ಲ, ಅಷ್ಟೇ. ಒಂದು ಸಲ ಕರೆದರೆ ಇಲ್ಲ, ಎರಡು ಸಲಕ್ಕೂ ಇಲ್ಲ, ಮೂರನೇದಕ್ಕೆ ತಡಬಡಿಸಿ, "ನನ್ನನ್ನಾ ಅತ್ತೆ?" ಅನ್ನೋಳು. ಬಂದೇ ಅನ್ನೋ ಆ ದನಿ ಎಂಟು ತಿಂಗಳಲ್ಲಿ ಒಂದು ದಿನವೂ ಹೊರಗೆ ಬರಲಿಲ್ಲ. ಒಮ್ಮೊಮ್ಮೆ ಕಾಲುವೇಲಿ ಪಾತ್ರೆ ಬೆಳಗೋವಾಗ ಯಾರೂ ಇಲ್ಲದ್ದು ನೋಡಿ ತನ್ನ ಹೆಸರು ತಾನೇ ಪಿಸುಗುಟ್ಟಿಕೊಂಡು ನಗ್ತಿದ್ದಳಂತೆ. ಪಾಪದ ಹುಡುಗಿ.

ಆ ವರ್ಷ ಕಡೇಪಾಳ್ಯದವರು ಗಟ್ಟಿ ಮನಸ್ಸು ಮಾಡಿ ಬತ್ತದ ಒಟ್ಲು, ಅದೇ ಸಸಿ ಮಡಿ, ಹಾಕಿದ್ದರು. ಬಾವಿ ನೀರು ಹೊತ್ತು ಹೊತ್ತು ಸಸಿ ಎಬ್ಬಿಸಿದ್ದರು, ನಾಟಿಗೆ ಕಾಲುವೆ ನೀರು ಸಿಕ್ಕೀತು ಅನ್ನೋ ಆಸೇಲಿ. ಒಂದು ದಿನ ಕಾಳಪ್ಪ ಮಗಳನ್ನ ನೋಡೋಕೆ ಬಂದ. ಒಂದು ಲೋಟ ಮಜ್ಜಿಗೆ ಕುಡಿದು, ಸಸಿ ಹಳದಿಗೆ ತಿರುಗಿದೆ ಕಣವ್ವ, ಬಾವಿ ತಳ ಕಂಡಿದೆ, ಇನ್ನು ನಾಲ್ಕು ದಿನ, ಅಂದ. ಕೂಗಿ ಅಂತ ಯಾರನ್ನೂ ಕೇಳೋ ಹಾಗಿಲ್ಲ, ಕೇಳಿದರೂ ಕೂಗೋರಿಲ್ಲ. ಸಾಕಮ್ಮ ತಾನೇ ಏರಿ ಹತ್ತಿ ಕೂಗಿಬಿಡಲಾ ಅಂದುಕೊಂಡಳು. ಆದರೆ ಗದ್ದೆ ಅತ್ತೇದು, ಅವಳ ಮಾತು ಕಟ್ಟಳೆಗೆ ನಿಲ್ಲೋದಿಲ್ಲ. ಅವತ್ತು ಅವಳು ಅತ್ತಳು. ಮಾರನೇ ದಿನವೂ ಅತ್ತಳು. ಕೆಂಚಮ್ಮ ನೋಡಿದಳು, ಅವತ್ತು ಅವಳಿಗೂ ಮುದ್ದೆ ಇಳೀಲಿಲ್ಲವಂತೆ.

ಮೂರನೇ ದಿನ, ನೆತ್ತಿ ಮೇಲೆ ಸೂರ್ಯ. ಸಾಕಮ್ಮ ತಲೆ ಮೇಲೆ ಬುತ್ತಿ ಕುಕ್ಕೆ ಇಟ್ಟುಕೊಂಡು ಕಾಲುವೆ ದಡದಲ್ಲಿ ಗದ್ದೆಗೆ ಹೋಗ್ತಾ ಇದ್ದಾಳೆ. ತೂಬಿನ ಹತ್ತಿರದ ಕಣದಲ್ಲಿ ಕೆಂಚಮ್ಮ ಹುರುಳಿ ಒಣಹಾಕ್ತಾ ಇದ್ದಾಳೆ. ಅಷ್ಟರಲ್ಲಿ ಮುದ್ದೇಗೌಡನ ಬಿಳೀ ಹೋರಿ ಹಗ್ಗ ಕಿತ್ತುಕೊಂಡು ಬಂತು ನೋಡಿ! ಬಾಲ ಎತ್ತಿ, ಕೊಂಬು ತಗ್ಗಿಸಿ, ಅದೇ ದಡದ ಮೇಲೆ, ನೇರವಾಗಿ ಹುಡುಗಿ ಬೆನ್ನಿಗೆ. ಕಡೇಪಾಳ್ಯದಲ್ಲಿ ಕೇಳಿದರೆ ಅದು ಹುಲಿ ಅಂತಾರೆ. ಅವರ ಮಾತು ಕೇಳಬೇಡಿ. ಹೋರೀನೇ.

ಕೆಂಚಮ್ಮ ಕಂಡಳು. "ತುಂಬಮ್ಮಾ!" ಅಂತ ಕೂಗಿದಳು. ಹುಡುಗಿ ತಿರುಗಲಿಲ್ಲ. "ತುಂಬಮ್ಮೋ!" ತಿರುಗಲಿಲ್ಲ. ಹೋರಿ ಹತ್ತು ಮಾರು ದೂರದಲ್ಲಿತ್ತು. ಮೂರನೇ ಸಲಕ್ಕೆ ಪುರುಸೊತ್ತೆಲ್ಲಿ? ಕೆಂಚಮ್ಮನಿಗೆ ಊರೂ ಮರೆತುಹೋಯ್ತು, ಕಟ್ಟಳೇನೂ ಮರೆತುಹೋಯ್ತು. ಹೊಟ್ಟೆಯೊಳಗಿಂದ ಬಂತಂತೆ ಆ ಕೂಗು, ಕೆರೆ ನೀರು ನಡುಗೋ ಹಾಗೆ:

"ಸಾಕಮ್ಮಾ!"

ಎಂಟು ತಿಂಗಳಾದ ಮೇಲೆ ತನ್ನ ಹೆಸರು. ಸಾಕಮ್ಮ ಯೋಚನೆ ಮಾಡಲಿಲ್ಲ, ಹೋರೀನೂ ನೋಡಲಿಲ್ಲ. "ಬಂದೇ!" ಅಂತ ಓಗೊಟ್ಟು ಗಿರಕ್ಕನೆ ತಿರುಗಿದಳು. ತಿರುಗಿದ ರಭಸಕ್ಕೆ ಕಾಲು ಜಾರಿ, ಮುದ್ದೆ ಸಾರು ಕುಕ್ಕೆ ಸಮೇತ ಕಾಲುವೆಯೊಳಗೆ ದುಡುಂ ಅಂತ ಬಿದ್ದಳು. ಹೋರಿ ಮೇಲಿಂದ ಗಾಳಿ ಹಾಗೆ ಹೋಯ್ತು.

ಎದೆ ಮಟ್ಟದ ನೀರಲ್ಲಿ ಕೂತಿದ್ದಾಳೆ. ತಲೆ ಮೇಲೆ ಸೊಪ್ಪು. ನಗು ತಡೆಯೋಕಾಗ್ತಿಲ್ಲ, ಹೆಸರು ಕರೆದರಲ್ಲ ಅಂತ. ನಗ್ತಾ ನಗ್ತಾ ನೋಡ್ತಾಳೆ, ಎದೆ ಮಟ್ಟ ಇದ್ದ ನೀರು ಸೊಂಟಕ್ಕೆ ಇಳೀತು. ಸೊಂಟದ್ದು ಕಣಕಾಲಿಗಾಯ್ತು. ಇನ್ನೊಂದು ಗಳಿಗೆಗೆ ಬರೀ ಕೆಸರಲ್ಲಿ ಕೂತಿದ್ದಳಂತೆ. ಏರಿ ಕೆಳಗೆ ಗವಿರಂಗಯ್ಯ ಹಲಗೆ ಎತ್ತಿ ಈ ಕಡೆಗೆ ಬಡಿದಾಗಿತ್ತು. ಮೂರು ವರ್ಷ ಕಾದ ಕಿವಿ ಅದು, ಸುಮ್ಮನಿರ್ತದಾ? ನೀರು ಬಲಗಾಲುವೇಲಿ ಕಡೇಪಾಳ್ಯದ ಕಡೆ ಓಡ್ತಾ ಇತ್ತು.

ಆಗ ಎದ್ದಿತು ನೋಡಿ ಹೊನ್ನೇಗಟ್ಟ! ಗಂಡಸರು ಹೆಂಗಸರು ಎಲ್ಲ ಏರಿಗೆ ನುಗ್ಗಿದರು. ನೀರು ಬಂದಿದ್ದು ಕಂಡು ಕಡೇಪಾಳ್ಯದವರೂ ಕಾಲುವೆ ಹಿಡಿದು ಓಡಿಬಂದರು, ಮುಂದೆ ಕಾಳಪ್ಪ. ಗಂಗಮ್ಮನ ಕಲ್ಲಿನ ಮುಂದೆ ಸೇರಿದರು. ಮುದ್ದೇಗೌಡ ಹಲಗೆ ವಾಪಸ್ ಹಾಕು ಅಂದ. ಗವಿರಂಗಯ್ಯ, ಮಾತು ಬಿತ್ತು, ಹಲಗೆ ತಿರುಗಿಸಿದೆ, ಎಂಟು ದಿನ ಮುಟ್ಟೋ ಹಾಗಿಲ್ಲ ಅಂದ.

"ಅದು ಮಾತಲ್ಲವೋ, ಹೆಸರು! ಕೆಂಚಕ್ಕ ಸೊಸೆನ ಕರೆದದ್ದು!"

"ಏನು ಹೆಸರು ಸ್ವಾಮಿ?" ಅಂದ ಗವಿರಂಗಯ್ಯ, ಬಲಗಿವಿ ಮುಂದೆ ಮಾಡಿ.

ಮುದ್ದೇಗೌಡ ಬಾಯಿ ತೆಗೆದ. ಹಾಗೇ ಮುಚ್ಚಿದ. ಹೇಳೋ ಹಾಗಿಲ್ಲವಲ್ಲ! ಹೇಳಿದರೆ ಆ ಮಾತು ಮತ್ತೆ ನೀರುಗಂಟಿ ಕಿವಿಗೇ ಬೀಳ್ತದೆ. ಪಕ್ಕದವನನ್ನ ನೋಡಿದ. ಪಕ್ಕದವನು ಆಕಾಶ ನೋಡಿದ. ಅದೇ ಆ ಹೆಸರು, ಅಂದ ಒಬ್ಬ. ಅದೇ, ಬೇಡ ಅನ್ನೋವಾಗ ಅಂತಾರಲ್ಲ ಆ ಹೆಸರು, ಅಂದ ಇನ್ನೊಬ್ಬ. ಒಬ್ಬಳು ಕೈ ಅಡ್ಡ ಹಿಡಿದು ತೋರಿಸಿದಳು. ಗವಿರಂಗಯ್ಯ, ನನಗೆ ಕಣ್ಣಿನ ಕೆಲಸ ಇಲ್ಲಮ್ಮ, ಕಿವಿ ಕೆಲಸ ಅಂದ. ಕಡೇಪಾಳ್ಯದವರು ಬಿದ್ದೂ ಬಿದ್ದೂ ನಕ್ಕರು. ಮೂರು ವರ್ಷ ನಕ್ಕಿರಲಿಲ್ಲ ಅವರು.

ಮುದ್ದೇಗೌಡ ಬೆವರು ಒರೆಸಿಕೊಂಡು ಇನ್ನೊಂದು ದಾರಿ ಹುಡುಕಿದ. ಕರೆದಾಗ ಅವಳು ಬಂದೇ ಅಂತ ಓಗೊಟ್ಟಳು, ಹೆಸರಲ್ಲದಿದ್ದರೆ ಯಾಕೆ ಓಗೊಡ್ತಿದ್ದಳು, ಅಂದ. ಗವಿರಂಗಯ್ಯ ತಲೆಯಾಡಿಸಿದ. "ಅದೂ ಕೇಳಿಸ್ತು. ಸಾಕು ಅಮ್ಮಾ ಅಂತ ಗಂಗಮ್ಮನಿಗೆ ಕೂಗಿದರು, ನೀರೇ ಬಂದೇ ಅಂತು ಅಂದುಕೊಂಡೆ." ಏನು ಅಂತೀರಿ ಇದಕ್ಕೆ!

ಕೊನೆಗೆ ಎಲ್ಲರೂ ಸಾಕಮ್ಮನ ಕಡೆ ತಿರುಗಿದರು. ಕೆಸರು ಮೆತ್ತಿಕೊಂಡು ಸೆರಗು ಹಿಂಡ್ತಾ ನಿಂತಿದ್ದಳು. ಗಂಗಮ್ಮನ ಮುಂದೆ ನೀನೇ ಹೇಳು ತಾಯಿ, ನಿನ್ನ ಹೆಸರೇನು, ಅಂದ ಮುದ್ದೇಗೌಡ. ಎಂಟು ತಿಂಗಳು ಅವಳ ಹೆಸರನ್ನ ಮುಚ್ಚಿಟ್ಟ ಊರು ಈಗ ಅದನ್ನೇ ಹೇಳು ಹೇಳು ಅಂತ ಕೈ ಮುಗಿದು ನಿಂತಿತ್ತಂತೆ.

ಸಾಕಮ್ಮನಿಗೆ ಅರ್ಥವಾಯ್ತು. ನನ್ನ ಹೆಸರು ಸಾಕಮ್ಮ ಅಂದರೆ ಹೆಸರು ತನ್ನದಾಗ್ತದೆ, ಇಡೀ ಊರು ಒಪ್ಪಿಕೊಳ್ತದೆ. ನೀರು ಮಾತ್ರ ವಾಪಸ್ ಎಡಕ್ಕೆ ತಿರುಗ್ತದೆ, ನಾಳೆಗೆ ಒಟ್ಲು ಒಣಗ್ತದೆ. ಅಲ್ಲ ಅಂದರೆ ಸಸಿ ಉಳೀತದೆ, ಹೆಸರು ಅವತ್ತಿಗೆ ಮುಗೀತು, ದೇವರ ಮುಂದೆ ಆಡಿದ ಮಾತು. ಅಪ್ಪನ್ನ ನೋಡಿದಳು. ಕಾಳಪ್ಪ ನೆಲ ನೋಡ್ತಿದ್ದ. ಅಜ್ಜಿ ತೊಡೆ ನೆನಪಾಯ್ತು.

"ನನ್ನ ಹೆಸರು ತುಂಬಮ್ಮ," ಅಂದಳು. "ನಮ್ಮತ್ತೆ ಇಟ್ಟಿದ್ದು. ಬೇರೆ ಹೆಸರಿಲ್ಲ ನನಗೆ."

ಕಡೇಪಾಳ್ಯದವರು ಹೋ ಅಂತ ಕೂಗಿದರು. ಆದರೆ ಹುಡುಗಿ ಕಣ್ಣಿಂದ ನೀರು ಇಳೀತಿತ್ತು, ಕೆನ್ನೆ ಮೇಲಿನ ಕೆಸರಲ್ಲಿ ಎರಡು ಗೆರೆ. ಅದನ್ನ ಯಾರೂ ನೋಡಲಿಲ್ಲ, ಕೆಂಚಮ್ಮ ನೋಡಿದಳು. ನೋಡಿದವಳೇ ಜನರನ್ನ ಎರಡೂ ಕೈಲಿ ಸರಿಸಿ ಮುಂದೆ ಬಂದಳು.

"ಸುಳ್ಳು!" ಅಂದಳು. "ಇವಳ ಹೆಸರು ಸಾಕಮ್ಮ. ನನ್ನ ಸೊಸೆ ಸಾಕಮ್ಮ. ನಾನೇ ಈ ಗಂಟಲಲ್ಲಿ ಕರೆದದ್ದು, ಅವಳೇ ಓಗೊಟ್ಟದ್ದು. ಅವಳ ಹೆಸರು ಕಿತ್ತುಕೊಂಡೋಳು ನಾನು, ಕೊಡೋಳೂ ನಾನೇ."

ಮುದ್ದೇಗೌಡನ ಮುಖ ಅರಳಿತು. ಕಾಳಪ್ಪನ ಮುಖ ಬಾಡಿತು. ಗವಿರಂಗಯ್ಯ ನಿಟ್ಟುಸಿರು ಬಿಟ್ಟು ಹಲಗೆಗೆ ಕೈ ಹಾಕಿದ.

"ತಡಿಯೋ ನೀರುಗಂಟಿ!" ಅಂದಳು ಕೆಂಚಮ್ಮ. "ಹೆಸರಿನ ಲೆಕ್ಕ ಮುಗೀತು, ಈಗ ಮಾತಿನದು ಕೇಳು. ಗದ್ದೆ ನಂದು. ಮೂರು ವರ್ಷದಿಂದ ನನ್ನ ಪೈರಿನ ಬೇರು ಕೊಳೀತಾ ಇದೆ. ಗದ್ದೆಗಿಳಿದರೆ ಕಾಲಿಗೆ ಜಿಗಣೆ, ಮನೆಗೆ ಬಂದರೆ ಸೊಳ್ಳೆ. ನೆಲದೊಳಗಿನ ರಾಗಿ ಹಗೇವಿಗೂ ನೀರು ಇಳಿದಿದೆ. ಯಾರಾದರೂ ಹೇಳಲಿ ಅಂತ ನಾನೂ ಬಾಯಿ ಹೊಲಿದುಕೊಂಡು ಕೂತಿದ್ದೆ, ನಿಮ್ಮ ಹಾಗೇ. ತುಂಬಿತು ಕಣಪ್ಪ. ಸಾಕು. ನಿನ್ನ ಬಲಗಿವಿಗೇ ಹೇಳ್ತಾ ಇದ್ದೀನಿ, ಸಾಕು, ಸಾಕು, ಸಾಕು!"

ಆಮೇಲೆ ಹಿಂದಿನಿಂದ ಯಾರೋ ಸಣ್ಣಗೆ, ನಂಗೂ ಸಾಕಾಗಿದೆ ಕಣ್ರೀ, ಅಂದರು. ಇನ್ನೊಬ್ಬ, ಅಯ್ಯೋ ನಂದೂ ಸಾಕು ಮಾರಾಯ ಅಂದ. ಮೂರು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದ ಮಾತು ಕೋಡಿ ಬಿದ್ದ ಹಾಗೆ ಬಿತ್ತು. ಗಂಡಸೊಬ್ಬ ಹೆಂಡತಿ ಕಡೆ ತಿರುಗಿ, ನೀನೂ ಸಾಕು ಮಾಡೇ ಅಂದನಂತೆ, ಅವಳು ಅಲ್ಲೇ ಎರಡು ಬಿಟ್ಟಳಂತೆ. ಮುದ್ದೇಗೌಡ ಎಲ್ಲರನ್ನೂ ನೋಡಿದ. ತನ್ನ ಕಾಲು ನೋಡಿಕೊಂಡ, ಮೀನಖಂಡಕ್ಕೆ ಒಂದು ಜಿಗಣೆ ಆರಾಮಾಗಿ ಕಚ್ಚಿಕೊಂಡಿತ್ತು. ಅದನ್ನ ಕಿತ್ತು ಎಸೆದು, ಸಾಕಪ್ಪ ಸಾಕು, ಅಂದ. ಅಂದು ಅವನಿಗೇ ನಗು ಬಂತು. ಗವಿರಂಗಯ್ಯ ಹಲಗೆ ಮೇಲಿಂದ ಕೈ ತೆಗೆದ.

ಅವತ್ತು ಏರಿ ಮೇಲೇ ಎರಡೂ ಊರು ಸೇರಿ ಒಲೆ ಹೂಡಿ ಪಾಯಸ ಮಾಡಿದರಂತೆ. ಸಾಕು ಸಾಕು ಅನ್ನೋಕೇ ಅಂತ ಜನ ಎಲೆಗೆ ಹಾಕಿಸಿಕೊಂಡರಂತೆ. ಮಾರನೇ ದಿನ ಒಟ್ಲು ಹಸಿರಿಗೆ ತಿರುಗಿತು, ಆ ವರ್ಷ ಕಡೇಪಾಳ್ಯದಲ್ಲಿ ನಾಟಿ ಆಯ್ತು. ಸಾಕಮ್ಮ ಮುಂದೆ ಹಣ್ಣು ಹಣ್ಣು ಮುದುಕಿಯಾಗೋವರೆಗೂ ಬಾಳಿದಳು. ಅವಳು ಕಾಲುವೆ ದಡದಲ್ಲಿ ನಡೆದರೆ ನೀರು ಅವಳ ಹಿಂದೆಯೇ ಹೋಗ್ತಿತ್ತು ಅಂತಾರೆ. ಹೋಗ್ತಿತ್ತೋ ಇಲ್ಲವೋ, ಕಂಡೋರು ಈಗ ಇಲ್ಲ.

ಈಗ ಕೆರೆಗೆ ಸಂಘ ಬಂದಿದೆ. ಸರದಿ ಪಟ್ಟಿ ಗೋಡೆಗೆ ಅಂಟಿಸ್ತಾರೆ. ಹಲಗೆ ಹೋಗಿ ಕಬ್ಬಿಣದ ಗೇಟು ಬಂದಿದೆ, ಎಲ್ಲರ ಜೇಬಲ್ಲೂ ಫೋನು. ಆದರೂ ಕಡೇಪಾಳ್ಯದಲ್ಲಿ ಯಾರ ಮನೇಲಿ ಮೊದಲನೇ ಹೆಣ್ಣು ಹುಟ್ಟಿದರೂ ಸಾಕಮ್ಮ ಅಂತಲೇ ಹೆಸರಿಡ್ತಾರೆ. ನೋಡಿ, ಐದನೇದಕ್ಕಲ್ಲ, ಮೊದಲನೇದಕ್ಕೆ. ಇನ್ನು ಹೊನ್ನೇಗಟ್ಟದ ಕೊನೇ ಗದ್ದೆ ತುಂಬಿದ ದಿನ ಫೋನು ಮಾಡೋದಿಲ್ಲ. ಆ ಗದ್ದೆ ಹೆಂಗಸು ಬದುವಿನ ಮೇಲೆ ನಿಂತು, ಏರಿ ಕಡೆ ತಿರುಗಿ, ಗಂಟಲು ಬಿಚ್ಚಿ "ಸಾಕಮ್ಮಾ!" ಅಂತ ಕೂಗ್ತಾಳೆ. ಗದ್ದೆಯಿಂದ ಗದ್ದೆಗೆ ಕೂಗು ದಾಟಿ ಏರಿ ಮುಟ್ಟುತ್ತದೆ. ಗೇಟು ತಿರುಗ್ತದೆ. ಕೆಳಗೆ ಕಡೇಪಾಳ್ಯದವರು ಬರಿಗಾಲಲ್ಲಿ ಒಣ ಕಾಲುವೆಯೊಳಗೆ ಸಾಲಾಗಿ ನಿಂತು ಕಾಯ್ತಾ ಇರ್ತಾರೆ. ನೀರು ಬಂದು ಮೊದಲನೇ ಪಾದ ಮುಟ್ಟಿದ ತಕ್ಷಣ, ಮುದುಕರು ಮಕ್ಕಳು ಎಲ್ಲ ಸೇರಿ, ನೀರಿನ ಪರವಾಗಿ ಒಂದೇ ದನೀಲಿ ಓಗೊಡ್ತಾರೆ:

"ಬಂದೇ!"